ಜೊತೆಯವರಿಗೆ ಪುಕ್ಕಟೆ

"ಹಾಗಾದ್ರೆ ನನ್ನನ್ನ ಕುಂಟಿ ಅಂತ ಬರೆಸಿಬಿಟ್ರಾ?"

ಜಯಮಾಲಾ ಗಂಡನ ಮುಖವನ್ನೇ ದಿಟ್ಟಿಸಿ ಕೇಳಿದಳು. ತ್ರಿವಿಕ್ರಮ ಟೀ ಲೋಟಕ್ಕೆ ಕೈ ಚಾಚಿದ. ಲೋಟ ಉರುಳಿತು. ಟೀ ಮೇಜಿನ ತುಂಬ ಹರಿದು ಅವಳ ಚೂಡಿದಾರದ ಮೇಲೆ ಸುರಿಯಿತು. ತಪ್ಪು ಮಾಡಿದವನ ಕೈ ತಪ್ಪದೆ ಇರುತ್ತದೆಯೇ, ಅಂದುಕೊಂಡಳು.

ಕ್ಲಾಂಗ್ ಬಂದರಿನ ರಸ್ತೆಬದಿಯ ಮಾಮಾಕ್ ಟೀ ಅಂಗಡಿ. ಟ್ಯೂಬ್‌ಲೈಟ್ ಕೆಳಗಿನ ಮೇಜಿಗೇ ಹೋಗೋಣ ಎಂದು ಅವನು ಹಟ ಹಿಡಿದಿದ್ದ. ಜಗಳ ಪಕ್ಕದವರ ಕಿವಿಗೆ ಬೀಳಬಾರದೆಂದು ಅವಳೇ ಅವನನ್ನು ಹೊರಗೆ, ಮರದಡಿಯ ಮೇಜಿಗೆ ಎಳೆತಂದಿದ್ದಳು. ಹೊತ್ತು ಮುಳುಗುತ್ತಿತ್ತು.

ವಿಷಯ ತಿಳಿದದ್ದು ತಾಹೆರಾಳಿಂದ. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರ್ ರೌಫ್‌ನ ಹೆಂಡತಿ. ದಾವಣಗೆರೆಯವಳು, ಬಾಯಲ್ಲಿ ಮಾತು ನಿಲ್ಲದವಳು. "ಮಾಲಕ್ಕಾ, ನಿಮ್ಮನೆಯವ್ರು ಭಾಳ ಚಾಲಾಕು ಬಿಡ್ರಿ! ನಮ್ಮವ್ರ ಕಡೆ ಅಂಗವಿಕಲ ಸರ್ಟಿಫಿಕೇಟ್ ಮಾಡಿಸ್ಕೊಂಡಾರ. ಅದನ್ನ ತೋರ್ಸಿದ್ರ ಸ್ವಿಟ್ಜರ್ಲೆಂಡಿನ ರೈಲಿನಾಗ ಜೊತೆಯವ್ರಿಗೆ ಟಿಕೆಟ್ ಪುಕ್ಕಟೆ ಅಂತ. ಫೋನಿನಾಗ ಮಾತಾಡೋದು ನನ್ನ ಕಿವಿಗೆ ಬಿತ್ತು."

ಜಯಮಾಲಾಳಿಗೆ ಮಂಡಿನೋವು. ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತದೆ. ಅಷ್ಟಕ್ಕೇ ಅಂಗವಿಕಲೆಯೇ? ಅವಳು ಕುಂಟಿ, ಅವನು ಜೊತೆಗಾರ, ಅವನ ಟಿಕೆಟ್ ಪುಕ್ಕಟೆ. ಎಂಥ ಲೆಕ್ಕ! ರೌಫ್‌ನ ವೈದ್ಯಕ್ಕೂ ಮಂಡಿಗೂ ಏನೇನೂ ಸಂಬಂಧವಿಲ್ಲ. ಆದರೇನು, ಗೆಳೆಯ ಕೇಳಿದರೆ ಒಂದು ಸಹಿ. ಸ್ವಿಟ್ಜರ್ಲೆಂಡಿನ ಟಿಕೆಟ್ ಕಲೆಕ್ಟರ್ ಬಂದು ಮಂಡಿ ಮುಟ್ಟಿ ನೋಡುತ್ತಾನೆಯೇ?

ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ ತ್ರಿವಿಕ್ರಮ. ಮೂರೇ ಹೆಜ್ಜೆಯಲ್ಲಿ ಲೋಕ ಅಳೆದವನ ಹೆಸರಿಟ್ಟುಕೊಂಡು ಒಂದೊಂದು ಹೆಜ್ಜೆಗೂ ಚೌಕಾಸಿ ಮಾಡುತ್ತಾನೆ. ಬಂದರಿನಲ್ಲಿ ಕಂಟೇನರ್‌ನೊಳಗೆ ಗೇಣು ಜಾಗವೂ ಖಾಲಿ ಬಿಡದೆ ಸರಕು ತುಂಬಿಸುವುದು ಅವನ ಕೆಲಸ. ಮನೆಯಲ್ಲೂ ಅದೇ ಕಾನೂನು. ಹೋದ ವರ್ಷ ಕಾರು ಮಾರಿದ. ಟೋಲು, ಪೆಟ್ರೋಲು ಉಳಿಯಿತು ನೋಡು ಎಂದ.

ಹಿಮದ ಬೆಟ್ಟ ನೋಡಬೇಕೆನ್ನುವುದು ಅವಳ ಮದುವೆಯಾದಾಗಿನ ಆಸೆ. ಇಷ್ಟು ಕಾಲ ಆಮೇಲೆ ಆಮೇಲೆ ಎಂದವನು ಇದ್ದಕ್ಕಿದ್ದಂತೆ ಈ ಮೇ ತಿಂಗಳಲ್ಲೇ ಹೊರಡಬೇಕೆಂದು ಗಡಿಬಿಡಿ ಮಾಡಿದ. ಮೊದಲೇ ಬುಕ್ ಮಾಡಿದರೆ ಅಗ್ಗ, ಊಟ ಕಟ್ಟಿಕೊಂಡೇ ರೈಲು ಹತ್ತಬೇಕು, ಹೀಗೆ ದಿನಕ್ಕೊಂದು ಉಪಾಯ. ಅವಳೂ ಒಂದು ಹೇಳಿದ್ದಳು: ರಾತ್ರಿ ರೈಲಿನಲ್ಲಿ ಮಲಗಿ ಹೋದರೆ ಹೋಟೆಲ್ ಖರ್ಚೇ ಇಲ್ಲ. ಅದೊಂದನ್ನು ಮಾತ್ರ ಅವನು ಒಪ್ಪಲಿಲ್ಲ. "ಬೇಡ. ಹಗಲು ರೈಲೇ ಇರ್ಲಿ," ಎಂದುಬಿಟ್ಟ. ಜಿಪುಣನ ಜಿಪುಣತನಕ್ಕೂ ತಲೆಬುಡವಿಲ್ಲ ಎಂದು ಅವಳು ನಕ್ಕಿದ್ದಳು.

ಈಗ ನಗು ಬರಲಿಲ್ಲ. ಈಚೆಗೆ ಸಂಜೆ ವಾಕಿಂಗ್ ಹೊರಟರೆ ಅವನು ಅವಳ ತೋಳು ಬಿಡುತ್ತಿರಲಿಲ್ಲ. "ನಿನ್ನ ಮಂಡಿ ನೋವಲ್ವಾ," ಎನ್ನುತ್ತಿದ್ದ. ಐವತ್ತು ದಾಟಿದ ಮೇಲೆ ಬಂದ ಈ ಪ್ರೀತಿಗೆ ಅವಳು ಒಳಗೊಳಗೇ ಬೀಗಿದ್ದಳು. ಅದೂ ಟಿಕೆಟಿಗಾಗಿ ನಡೆಸಿದ ಅಭ್ಯಾಸ ಎಂದು ತಿಳಿದಾಗಿನಿಂದ ಎದೆ ಉರಿಯುತ್ತಿತ್ತು.

"ಸುಳ್ಳು ಸರ್ಟಿಫಿಕೇಟ್ ಅಲ್ಲ ಮಾಲಾ," ಎಂದ ತ್ರಿವಿಕ್ರಮ ಮೆಲ್ಲಗೆ. "ರೌಫ್ ಪರೀಕ್ಷೆ ಮಾಡೇ ಕೊಟ್ಟಿರೋದು."

"ಯಾವಾಗ್ರೀ ಮಾಡಿದ್ರು? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಕ್ಯಾನ್ಸಲ್ ಮಾಡಿ ಎಲ್ಲಾ. ಮುಂದಿನ ವರ್ಷ ಪೂರ್ತಿ ದುಡ್ಡು ಕೊಟ್ಟು ಮರ್ಯಾದೆಯಾಗಿ ಹೋಗೋಣ."

"ಮುಂದಿನ ವರ್ಷ ಆಗಲ್ಲ."

"ಯಾಕೆ?"

ಅವನು ತಡವರಿಸಿದ. "ಮುಂದಿನ ವರ್ಷ... ದುಬಾರಿ ಆಗ್ಬಿಡುತ್ತೆ."

ಸಾಕಾಯಿತು ಅವಳಿಗೆ. ಬಂದರಿನ ಕಡೆಯಿಂದ ಕಂಟೇನರ್ ಲಾರಿಗಳ ಸಾಲು ಗುಡುಗುತ್ತ ಬಂತು. ಆ ಗದ್ದಲದಲ್ಲೇ ಎದ್ದು, ಬ್ಯಾಗನ್ನು ಹೆಗಲಿಗೇರಿಸಿ, ಅವನ ಎದುರಿಗೇ ಹೊರಟುಬಿಟ್ಟಳು. ಕರೆಯುತ್ತಾನೆ ಎಂದುಕೊಂಡಳು. ಕರೆಯಲಿಲ್ಲ. ಹೆಂಡತಿ ಎದ್ದು ಹೋದರೂ ಕೂತಲ್ಲಿಂದ ಕದಲದ ಗಂಡ! ಕಣ್ಣು ತುಂಬಿ ಬಂತು. ಬಸ್‌ಸ್ಟಾಪಿನ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದಳು.

ಅವನು ಮಾತಾಡುತ್ತಿದ್ದ. ಮರದಡಿ ಆಗಲೇ ಮಬ್ಬುಗತ್ತಲೆ. ಆ ಮೇಜಿನಲ್ಲಿ ಬೇರಾರೂ ಇರಲಿಲ್ಲ.

ಜಯಮಾಲಾ ಕಾಲೆಳೆಯುತ್ತ ವಾಪಸು ಬಂದಳು. ಲಾರಿಗಳ ಸದ್ದು ಇನ್ನೂ ಪೂರ್ತಿ ಅಡಗಿರಲಿಲ್ಲ.

"ಮುನಿಸ್ಕೋಬೇಡ ಮಾಲಾ," ಅವನು ಎದುರಿನ ಖಾಲಿ ಕುರ್ಚಿಗೆ ಹೇಳುತ್ತಿದ್ದ. "ಹೋಗಿ ಬಂದ್ಮೇಲೆ ಎಲ್ಲಾ ಹೇಳ್ತೀನಿ. ಕಿಟಕಿ ಸೀಟು ನಿಂದೇ. ಆದ್ರೆ ಬೆಟ್ಟ ಬಂದಾಗ ಸುಮ್ನೆ ನೋಡ್ತಾ ಕೂರ್ಬೇಡ, ಒಂದೊಂದನ್ನೂ ಬಾಯ್ಬಿಟ್ಟು ಹೇಳ್ತಾ ಹೋಗು. ಈಗ್ಲೂ ಏನಾದ್ರೂ ಅನ್ನು. ಬೈಯಾದ್ರೂ ಬೈಯಿ."

ಅವನ ಕೈ ಮೇಜಿನ ಮೇಲೆ ಅವಳ ಕೈಯನ್ನು ಹುಡುಕುತ್ತಿತ್ತು. ಬೆರಳುಗಳು ಚೆಲ್ಲಿದ ಟೀಯಲ್ಲಿ ಆಚೀಚೆ ತಡಕಾಡಿದವು. ಅವಳು ಅವನಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವನ ನೋಟ ಕುರ್ಚಿಯಿಂದ ಈಚೆಗೆ ಬರಲಿಲ್ಲ.

ಜಯಮಾಲಾಳ ಎದೆ ಒಡೆದುಹೋಯಿತು. ಸದ್ದಾಗದಂತೆ ಕುರ್ಚಿಯಲ್ಲಿ ಕೂತು, ತನ್ನ ಕೈಯನ್ನು ಆ ಒದ್ದೆ ಬೆರಳುಗಳ ಕೆಳಗೆ ಇಟ್ಟಳು.

"ಹೇಳ್ತೀನ್ರೀ," ಎಂದಳು. "ಎಲ್ಲಾ ಹೇಳ್ತೀನಿ."

ಡಾಕ್ಟರ್ ರೌಫ್ ಮೆಲಾಕಾದಲ್ಲಿ ಪಾಠ ಮಾಡುವುದು ಕಣ್ಣಿನ ರೋಗಗಳ ಬಗ್ಗೆ. ಪುಕ್ಕಟೆ ಟಿಕೆಟ್ ಇದ್ದದ್ದು ಜಯಮಾಲಾಳಿಗೆ.