ಗಡಿ ದಾಟಿದ ಕೌದಿ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆ, ಯುರೋಪಿನ ನಿರಾಶ್ರಿತರ ಶಿಬಿರವೊಂದರಲ್ಲಿ ಬೇಲಿ ದಾಟುವಂತಿಲ್ಲದ ತಾಯಿಯೊಬ್ಬಳಿದ್ದಳು. ಗಡಿಯಾಚೆಯ ಊರಿನಲ್ಲಿ ಚಿಕ್ಕಮ್ಮನ ಜೊತೆಗಿದ್ದ ಮಗಳಿಗೆ, "ನಿನ್ನ ಹಳೇ ಲಂಗಗಳಲ್ಲೇ ಕೌದಿ ಹೊಲಿದು ಹೊದಿಸ್ತೀನಿ ಕಣೇ" ಎಂದು ಮಾತು ಕೊಟ್ಟಿದ್ದಳು.

ವಲಸೆ ಬಂದವರ ಕೈಕೆಲಸವನ್ನು ದೇಶದಿಂದ ದೇಶಕ್ಕೆ ಒಯ್ಯುವ ಸಂಚಾರಿ ಕಲಾಪ್ರದರ್ಶನದ ಹುಡುಗಿ ಬಂದು, ಹೊಲಿದು ಮುಗಿಸಿದ್ದ ಆ ಕೌದಿ ಕೇಳಿದಳು.

"ಗಡಿಯಲ್ಲಿ ಇದನ್ನು ತಡೆಯಲ್ವಾ?"

"ಕಲೆಯನ್ನು ಯಾರೂ ತಡೆಯಲ್ಲ, ಅಮ್ಮಾ."

"ನನ್ನನ್ನು ತಡೀತಾರಲ್ಲ. ಹೋಗಲಿ, ಗೋಡೆಗೆ ತೂಗುಹಾಕಬೇಡ, ಮಂಚದ ಮೇಲೆ ಹಾಸು."

ಚಳಿಗಾಲದಲ್ಲಿ ಫೋನು ಬಂತು.

"ಅಮ್ಮಾ, ಗಡಿಯಾಚೆ ಊರಲ್ಲಿದ್ದೀವಿ. ಬೈಬೇಡಿ. ಯಾವುದೋ ಪುಟ್ಟ ಹುಡುಗಿ ನಿಮ್ಮ ಕೌದಿಯೊಳಗೆ ನುಸುಳಿ ನಿದ್ದೆಹೋಗಿದ್ದಾಳೆ. ಎಬ್ಬಿಸಲಾ?"

ತಾಯಿ ಬೇಲಿಯ ತಂತಿ ಹಿಡಿದುಕೊಂಡಳು.

"ಬೇಡ. ಎಡಗಾಲು ಹೊರಗೆ ಚಾಚಿದ್ದಾಳಾ?"

"ಹೌದು..."

"ಹೊದಿಸು."

"ಹೊದಿಸಿದೆ, ಅಮ್ಮಾ."