ಕೆನ್ನೆಯ ಮೇಲಿನ ಮೆಟ್ಟಿಲು

ತೀರಿಹೋದವರ ಕಪ್ಪು-ಬಿಳುಪು ಫೋಟೋ ಒಂದೇ ವರ್ಷ ಉಸಿರಾಡುತ್ತದೆ. ಆ ಉಸಿರು ನಿಲ್ಲುವುದರೊಳಗೆ ಹೊಸ ಪ್ರಿಂಟ್ ತೆಗೆಯಬೇಕು. ರಾಣೆಬೆನ್ನೂರಿನವರಿಗೆಲ್ಲ ಅಚ್ಚುಕಟ್ಟಾಗಿ ತೆಗೆದುಕೊಡುವ ನೀಲಗಂಗಾ ಇವತ್ತು ತನ್ನ ಅವ್ವನದನ್ನೇ ಕೆಡಿಸಿಕೊಂಡು ಕೂತಿದ್ದಳು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹೋದ ವರ್ಷ ಹದಿನಾರು ಬಿಟ್ಟಿನ ಫೈಲನ್ನು ಎಂಟಕ್ಕೆ ಇಳಿಸಿ, ಬೂದುಬಣ್ಣದ ಸಾವಿರಾರು ಛಾಯೆಗಳನ್ನು ಕಳೆದದ್ದು ಅವಳದೇ ತಪ್ಪು. ಈಗ ಕೆನ್ನೆಯ ನೆರಳು ನುಣ್ಣಗೆ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿತ್ತು, ಒಂದೊಂದು ಮೆಟ್ಟಿಲಿಗೂ ಅವ್ವನ ಉಸಿರು ಎಡವುತ್ತಿತ್ತು. ಎರಡು ಪ್ರಿಂಟುಗಳು ಕಣ್ಣು ತೆರೆಯದೆಯೇ ತಣ್ಣಗಾದವು.

"ಅಕ್ಕಾ, ಹಳೇ ಫೋಟೋದಾಗ ಉಸುರು ನಿಲ್ಲಾಕತ್ತೈತಿ, ಲಗೂನ ಮಾಡ!" ಎಂದು ತಂಗಿ ರುದ್ರವ್ವ ಗೋಡೆಯ ಬಳಿಯಿಂದ ಕೂಗಿದಳು.

ಉಳಿದದ್ದು ಒಂದೇ ಹಾಳೆ. ನೀಲಗಂಗಾ ಕಂಪ್ಯೂಟರಿನಲ್ಲೇ ಅವ್ವನ ಮುಖದ ತುಂಬ ಸಣ್ಣ ಬೂದು ಚುಕ್ಕೆಗಳನ್ನು ಉದುರಿಸಿದಳು. ಮೆಟ್ಟಿಲುಗಳು ಆ ದೂಳಿನಡಿ ಮುಚ್ಚಿಹೋದವು. ಪ್ರಿಂಟರಿನಿಂದ ಹೊರಬಿದ್ದ ಅವ್ವ ಕೆಮ್ಮಿ, ಕಣ್ಣು ತೆರೆದಳು.

"ಅಯ್ಯ, ಮಾರಿ ತುಂಬ ಹಿಟ್ಟು!" ಎನ್ನುತ್ತ ಒರೆಸಿಕೊಳ್ಳಲು ಸೆರಗೆತ್ತಿದಳು.

ಒರೆಸಿದರೆ ಮತ್ತೆ ಮೆಟ್ಟಿಲು. ನೀಲಗಂಗಾ ಥಟ್ಟನೆ ಫೋಟೋದತ್ತ ಬಾಗಿದಳು. ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಅವ್ವ, ಕಡೇ ಗಿರಾಕಿ ಹೋಗುವತನಕ ಮುಖ ಒರೆಸಿಕೊಂಡವಳಲ್ಲ.

"ಅವ್ವಾ, ಗಿರಣ್ಯಾಗ ಇನ್ನೂ ಮಂದಿ ನಿಂತಾರ!"

ಅವ್ವ ಸೆರಗು ಬಿಟ್ಟಳು. "ಹೌದೇನ? ಯಾರ ಪಾಳಿ ಈಗ?"