ಡೀಕನ್ ನಡೆಸಿದ ಮದುವೆ

ಬಾಡಿದ ಸುಗಂಧರಾಜದ ವಾಸನೆ ಇಂದಿಗೂ ನನ್ನನ್ನು ಹುಣಸೂರಿನ ಚರ್ಚಿನ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ. ತೊಂಬತ್ತರ ದಶಕದ ಕೊನೆ ಎಂಬುದಷ್ಟೇ ಖಚಿತ. ಚಿಕ್ಕಮ್ಮನ ಮದುವೆಯ ದಿನವೇ ಫಾದರ್ ಜ್ವರದಿಂದ ಮಲಗಿದ್ದರಿಂದ, ಇನ್ನೂ ಗುರುದೀಕ್ಷೆಯಾಗದ, ಎಲ್ಲರೂ ಬ್ರದರ್ ಎನ್ನುತ್ತಿದ್ದ ಯುವ ಡೀಕನ್ ಬಂದಿದ್ದರು.

"ಪೂಜೆ ಇಲ್ದೆ ಅದೆಂಥ ಮದ್ವೆ? ಇನ್ನೊಂದಿನ ಮಾಡಾನ ಬುಡಿ," ಎಂದಳು ಅಜ್ಜಿ.

ಅದಾಗಲೇ ಎರಡು ಸಲ ಮುಂದಕ್ಕೆ ಹೋಗಿದ್ದ ಮದುವೆ. ಬೆವರಿಗೆ ಒದ್ದೆಯಾದ ಬಿಳಿ ಸೀರೆಯಲ್ಲಿ ಚಿಕ್ಕಮ್ಮ ನನ್ನ ಪಕ್ಕದಲ್ಲೇ ಗೋಡೆಗೊರಗಿ ಕೂತು ಕಣ್ಣು ಮುಚ್ಚಿದಳು.

"ಬಲಿಪೂಜೆ ಅರ್ಪಿಸೋ ಅಧಿಕಾರ ಫಾದರ್‌ಗಷ್ಟೇ, ನನಗಿಲ್ಲ ಅಜ್ಜಿ, ಮದ್ವೆ ನಡೆಸೋ ಅಧಿಕಾರ ಇದೆ. ಮಾತು ಕೊಡೋರು ಅವರಿಬ್ಬರು, ನಾನು ಧರ್ಮಸಭೆಯ ಪರವಾಗಿ ಸಾಕ್ಷಿ," ಎಂದರು ಡೀಕನ್.

"ಸಾಕ್ಷಿ ಹೇಳಾಕೆ ಇದೇನ್ ಕೋರ್ಟಾ?"

ಚಿಕ್ಕಮ್ಮ ಎದ್ದು ಹೋಗಿ, ಯಾರೂ ಹೇಳುವ ಮೊದಲೇ ಮಾತು ಕೊಡಲು ವರನ ಮುಂದೆ ಬಲಗೈ ಚಾಚಿದಳು. "ನಂಗೆ ಕಾದೂ ಕಾದೂ ಸಾಕಾಗದೆ ಕಣವ್ವ, ನೀನು ಕೂತ್ಕೊ. ಬ್ರದರ್, ಸುರು ಮಾಡಿ."